ಎಚ್ಚರಿಸಿದವನ ಹೊಣೆ

ಪಾಪ ಮತ್ತು ಹೊಣೆಗಾರಿಕೆಯ ಕುರಿತ ಧರ್ಮಚಿಂತನೆ ಬಹುಪಾಲು ಇಬ್ಬರನ್ನು ಕಣ್ಣಮುಂದಿಟ್ಟುಕೊಂಡು ಬೆಳೆದುಬಂದಿದೆ: ಗೊತ್ತಿದ್ದೂ ತಪ್ಪು ಮಾಡಿದವನು ಒಬ್ಬ, ಗೊತ್ತಿಲ್ಲದೆ ತಪ್ಪು ಮಾಡಿದವನು ಇನ್ನೊಬ್ಬ. ಮನುಸ್ಮೃತಿಯೂ ಸೇರಿದಂತೆ ಧರ್ಮಶಾಸ್ತ್ರಗಳು ಈ ಇಬ್ಬರ ಪಾಪವನ್ನು ಬೇರೆಬೇರೆಯಾಗಿ ತೂಗಿ, ಅದಕ್ಕೆ ತಕ್ಕ ಪ್ರಾಯಶ್ಚಿತ್ತವನ್ನು ವಿಚಾರಿಸಿವೆ. ಆದರೆ ಈ ವಿಂಗಡಣೆಯಲ್ಲಿ ಸುಲಭವಾಗಿ ಸೇರದ ಮೂರನೆಯವನೊಬ್ಬನಿದ್ದಾನೆ. ಅವನು ಬರಲಿರುವ ಅಪಾಯವನ್ನು ಮೊದಲೇ ಅರಿತು, ಅರಿತದ್ದನ್ನು ಹೇಳಬೇಕಾದವರಿಗೆ ಹೇಳಬೇಕಾದ ಹೊತ್ತಿನಲ್ಲಿ ಹೇಳಿ, ಆ ಮಾತು ನಡೆಯದೆ ಅನಾಹುತ ಸಂಭವಿಸಿದ ಮೇಲೂ ತಾನು ಬದುಕಿ ಉಳಿದವನು. ಅವನು ಪಾಪ ಮಾಡಿಲ್ಲವೆಂದು ಯಾವ ನ್ಯಾಯಸ್ಥಾನವಾದರೂ ಹೇಳುತ್ತದೆ. ಹಾಗಿದ್ದೂ ಅವನಿಗೆ ಉಳಿಯುವ ಪಾಪಪ್ರಜ್ಞೆ ಕೇವಲ ಮನಸ್ಸಿನ ಭ್ರಮೆಯೆ, ಅಥವಾ ಅದರಲ್ಲಿ ಯಾವುದಾದರೂ ಸತ್ಯವಿದೆಯೆ ಎಂಬುದು ಇಲ್ಲಿ ಪರಿಶೀಲಿಸಬೇಕಾದ ಪ್ರಶ್ನೆ. ಅಮೆರಿಕದ ಬಾಹ್ಯಾಕಾಶ ಕಾರ್ಯಕ್ರಮದಲ್ಲಿ ದುಡಿದ ರೋಜರ್ ಬೋಜೊಲೆ ಎಂಬ ಎಂಜಿನಿಯರ್ ಮತ್ತು ಅವರ ಸಹೋದ್ಯೋಗಿ ಬಾಬ್ ಎಬೆಲಿಂಗ್ ಅವರ ವೃತ್ತಿಜೀವನಗಳು ಈ ಪ್ರಶ್ನೆಯನ್ನು ಅತ್ಯಂತ ಸ್ಪಷ್ಟವಾದ ರೂಪದಲ್ಲಿ ಮುಂದಿಡುತ್ತವೆ.

ಬೋಜೊಲೆ 1938ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಲೊವೆಲ್ ಪಟ್ಟಣದಲ್ಲಿ ಹುಟ್ಟಿ, ಅಲ್ಲಿಯೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿತು, ಕ್ಯಾಲಿಫೋರ್ನಿಯದ ವಿಮಾನ ಮತ್ತು ಬಾಹ್ಯಾಕಾಶ ಕಂಪನಿಗಳಲ್ಲಿ ಅನೇಕ ವರ್ಷ ಕೆಲಸ ಮಾಡಿದವರು. 1980ರಲ್ಲಿ ಅವರು ಯೂಟಾ ರಾಜ್ಯದ ಥಯೋಕಾಲ್ ಕಂಪನಿಯನ್ನು ಸೇರಿದರು. ಮುಂದೆ ಮಾರ್ಟನ್ ಥಯೋಕಾಲ್ ಎಂದು ಹೆಸರಾದ ಈ ಸಂಸ್ಥೆ ನಾಸಾದ ಸ್ಪೇಸ್ ಶಟಲ್‌ಗೆ ಬೇಕಾದ ಬೂಸ್ಟರ್ ರಾಕೆಟ್‌ಗಳ ಘನ ಇಂಧನ ಮೋಟಾರನ್ನು ತಯಾರಿಸುತ್ತಿತ್ತು. ಈ ಮೋಟಾರುಗಳನ್ನು ಒಂದೇ ಕೊಳವೆಯಾಗಿ ಕಟ್ಟಿ ಸಾಗಿಸಲು ಆಗುತ್ತಿರಲಿಲ್ಲವಾದ್ದರಿಂದ, ಅವನ್ನು ತುಂಡುಗಳಾಗಿ ತಯಾರಿಸಿ, ರೈಲಿನಲ್ಲಿ ಫ್ಲಾರಿಡದ ಕೆನಡಿ ಬಾಹ್ಯಾಕಾಶ ಕೇಂದ್ರಕ್ಕೆ ಕಳುಹಿಸಿ, ಅಲ್ಲಿ ಒಂದರ ಮೇಲೊಂದು ಕೂರಿಸಿ ಜೋಡಿಸಲಾಗುತ್ತಿತ್ತು. ಒಂದೊಂದು ಕೂಡುಗೀಲಿನಲ್ಲಿಯೂ ಉರಿಯುವ ಅನಿಲ ಹೊರಗೆ ನುಸುಳದಂತೆ ತಡೆಯಲು ಎರಡು ರಬ್ಬರಿನ ಉಂಗುರಗಳಿರುತ್ತಿದ್ದವು. ಓ-ರಿಂಗ್ ಎಂದು ಕರೆಯಲಾಗುವ ಈ ಉಂಗುರದ ದಪ್ಪ ಸುಮಾರು 7 ಮಿಲಿಮೀಟರ್. ಅದು ಸುತ್ತಿಕೊಂಡಿದ್ದ ಕೊಳವೆಯ ವ್ಯಾಸವಾದರೋ ಸುಮಾರು 3.7 ಮೀಟರ್.

ಮೋಟಾರು ಹೊತ್ತಿಕೊಂಡ ಕ್ಷಣದಲ್ಲಿ ಒಳಗಿನ ಒತ್ತಡಕ್ಕೆ ಕೊಳವೆ ಉಬ್ಬಿ, ಕೂಡುಗೀಲಿನ ಸಂದು ಒಂದು ಕೂದಲೆಳೆಯಷ್ಟು ಅಗಲವಾಗುತ್ತಿತ್ತು. ಹಾಗೆ ಅಗಲವಾದ ಸಂದನ್ನು ಅದುಮಿಟ್ಟಿದ್ದ ರಬ್ಬರು ತಕ್ಷಣ ಹಿಗ್ಗಿ ತುಂಬಬೇಕು. ಮೊದಲ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಈ ಕೆಲಸ ಮುಗಿಯದಿದ್ದರೆ ಬಿಸಿ ಅನಿಲ ಉಂಗುರವನ್ನೇ ಸುಟ್ಟುಕೊಂಡು ಹೊರಬರುತ್ತದೆ. 1985ರ ಜನವರಿಯಲ್ಲಿ ತೀವ್ರ ಚಳಿಯ ನಂತರ ಹಾರಿದ ಶಟಲ್ ಒಂದರ ಬೂಸ್ಟರುಗಳನ್ನು ಸಮುದ್ರದಿಂದ ಎತ್ತಿ ತಂದು ಬಿಚ್ಚಿದಾಗ, ಮೊದಲ ಉಂಗುರವನ್ನು ದಾಟಿ ಒಳನುಗ್ಗಿದ ಅನಿಲದ ಕಪ್ಪು ಮಸಿಯನ್ನು ಬೋಜೊಲೆ ಕಂಡರು. ಆ ಉಡಾವಣೆಯ ಹೊತ್ತಿಗೆ ಉಂಗುರದ ಉಷ್ಣತೆ ಸುಮಾರು 12 ಡಿಗ್ರಿ ಸೆಲ್ಸಿಯಸ್ ಇತ್ತೆಂದು ಲೆಕ್ಕಹಾಕಲಾಗಿತ್ತು. ಆ ಬಳಿಕ ನಡೆಸಿದ ಪರೀಕ್ಷೆಗಳಲ್ಲಿ, ಅದುಮಿ ಬಿಟ್ಟ ಉಂಗುರ ಸುಮಾರು 38 ಡಿಗ್ರಿಯಲ್ಲಿ ಎದುರಿನ ಲೋಹದ ಸಂಪರ್ಕವನ್ನು ಕಳೆದುಕೊಳ್ಳಲೇ ಇಲ್ಲ. ಸುಮಾರು 24 ಡಿಗ್ರಿಯಲ್ಲಿ ಎರಡೂವರೆ ಸೆಕೆಂಡಿಗೆ ಸ್ವಲ್ಪ ಕಡಿಮೆ ಕಾಲ ಸಂಪರ್ಕ ತಪ್ಪಿತು. 10 ಡಿಗ್ರಿಯಲ್ಲಿ ಹತ್ತು ನಿಮಿಷ ಕಾದರೂ ಅದು ಹಿಂದಿರುಗಲಿಲ್ಲ. ಅರ್ಧ ಸೆಕೆಂಡಿನಲ್ಲಿ ಆಗಬೇಕಾದ ಕೆಲಸ ಹತ್ತು ನಿಮಿಷವಾದರೂ ಆಗದೆಂಬುದು ಹೀಗೆ ಅಳತೆಗೆ ಸಿಕ್ಕ ಸಂಗತಿಯಾಯಿತು.

1985ರ ಜುಲೈ 31ರಂದು ಬೋಜೊಲೆ ಕಂಪನಿಯ ಎಂಜಿನಿಯರಿಂಗ್ ಉಪಾಧ್ಯಕ್ಷ ರಾಬರ್ಟ್ ಲುಂಡ್ ಅವರಿಗೆ ಬರೆದ ಮೆಮೊದಲ್ಲಿ, ಈ ಸೀಲಿನ ಸಮಸ್ಯೆಯನ್ನು ಬಗೆಹರಿಸದಿದ್ದರೆ ಮನುಷ್ಯರ ಪ್ರಾಣವೇ ಹೋಗುವಂಥ ಮಹಾದುರಂತ ಎದುರಾಗಬಹುದೆಂದು ನೇರವಾಗಿ ಎಚ್ಚರಿಸಿದರು. ಸಮಸ್ಯೆಯನ್ನು ಪರಿಶೀಲಿಸಲು ಒಂದು ತಂಡ ರಚನೆಯಾಯಿತಾದರೂ, ಅದಕ್ಕೆ ಬೇಕಾದ ಸಾಮಗ್ರಿಯಾಗಲಿ ಅಧಿಕಾರವಾಗಲಿ ಸಿಗಲಿಲ್ಲ. ಅಕ್ಟೋಬರ್ ತಿಂಗಳಲ್ಲಿ ಎಬೆಲಿಂಗ್ ಬರೆದ ಮೆಮೊ ಸಹಾಯಕ್ಕಾಗಿ ಇಟ್ಟ ಮೊರೆಯಿಂದಲೇ ಆರಂಭವಾಯಿತು. ಅಪಾಯದ ಗುರುತುಗಳೊಂದಿಗೆ ಮರಳಿದ ಪ್ರತಿಯೊಂದು ಯಾನವೂ ಮರಳಿತೆಂಬ ಕಾರಣಕ್ಕೇ ಆ ಗುರುತುಗಳನ್ನು ಸಹಜವೆನಿಸುವಂತೆ ಮಾಡುತ್ತಿತ್ತು. ಸಮಾಜಶಾಸ್ತ್ರಜ್ಞೆ ಡಯಾನ್ ವಾನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ವಿಚಲನೆಯ ಸಹಜೀಕರಣವೆಂದು ಗುರುತಿಸಿದರು. ನಿಯಮದಿಂದ ಆದ ಸಣ್ಣ ತಪ್ಪುವಿಕೆ ಅನಾಹುತವಿಲ್ಲದೆ ಕಳೆದಾಗ, ಆ ತಪ್ಪುವಿಕೆಯೇ ಹೊಸ ನಿಯಮವಾಗಿ ನೆಲೆಯೂರುವ ಪ್ರಕ್ರಿಯೆ ಎಂಬುದು ಈ ಮಾತಿನ ಅರ್ಥ.

1986ರ ಜನವರಿ 27ರಂದು, ಮರುದಿನ ಹಾರಲಿದ್ದ ಚಾಲೆಂಜರ್ ಎಂಬ ಶಟಲ್‌ನ ಉಡಾವಣೆಯ ವೇಳೆಗೆ ಫ್ಲಾರಿಡದಲ್ಲಿ ಹಿಂದಿನ ಯಾವ ಉಡಾವಣೆಯಲ್ಲೂ ಇಲ್ಲದಷ್ಟು ಚಳಿ ಇರುವುದೆಂದು ತಿಳಿದು ಎಬೆಲಿಂಗ್ ಮಾಡಿದ ಫೋನ್ ಕರೆಯಿಂದಾಗಿ, ಆ ಸಂಜೆ ಯೂಟಾದ ಥಯೋಕಾಲ್, ಅಲಬಾಮದಲ್ಲಿರುವ ನಾಸಾದ ಮಾರ್ಷಲ್ ಕೇಂದ್ರ ಮತ್ತು ಫ್ಲಾರಿಡದ ಕೆನಡಿ ಕೇಂದ್ರಗಳ ನಡುವೆ ಟೆಲಿಕಾನ್ಫರೆನ್ಸ್ ನಡೆಯಿತು. ಉಂಗುರದ ಉಷ್ಣತೆ 12 ಡಿಗ್ರಿಗಿಂತ ಕೆಳಗಿದ್ದರೆ ಹಾರಿಸಬಾರದೆಂಬುದು ಎಂಜಿನಿಯರುಗಳ ಸಲಹೆಯಾಗಿತ್ತು. ಬೆಚ್ಚಗಿನ ದಿನವೊಂದರಲ್ಲಿ, ಸುಮಾರು 24 ಡಿಗ್ರಿಯಲ್ಲಿ ಹಾರಿದ ಶಟಲ್‌ನಲ್ಲಿಯೂ ಅನಿಲ ನುಸುಳಿತ್ತಲ್ಲವೆ ಎಂಬ ಪ್ರಶ್ನೆ ಬಂದಾಗ, ಚಳಿಯಲ್ಲಿ ಹಾರಿದ್ದರ ಮಸಿ ಹೆಚ್ಚು ಕಪ್ಪಾಗಿತ್ತು, ಹೆಚ್ಚು ದೂರ ಹರಡಿತ್ತು ಎಂದು ಬೋಜೊಲೆ ಛಾಯಾಚಿತ್ರಗಳನ್ನು ಮುಂದಿಟ್ಟರು. ಆದರೆ ಅದನ್ನು ಸಂಖ್ಯೆಗಳಲ್ಲಿ ಹೇಳಿರೆಂದಾಗ ಹೇಳುವಷ್ಟು ದತ್ತಾಂಶ ಅವರ ಬಳಿ ಇರಲಿಲ್ಲ. ನಾಸಾದ ಅಧಿಕಾರಿಗಳು ಈ ಸಲಹೆಗೆ ಅಸಮಾಧಾನ ತೋರಿದ ಮೇಲೆ, ಥಯೋಕಾಲ್‌ನವರು ಸ್ವಲ್ಪ ಹೊತ್ತು ಫೋನ್ ಸಂಪರ್ಕ ತಡೆದು ತಮ್ಮತಮ್ಮಲ್ಲೇ ಸಮಾಲೋಚಿಸಿದರು. ಐದು ನಿಮಿಷವೆಂದು ಕೇಳಿ ಸುಮಾರು ಅರ್ಧ ತಾಸು ನಡೆದ ಆ ಸಮಾಲೋಚನೆಯಲ್ಲಿ ಕೊನೆಯವರೆಗೂ ವಾದಿಸಿದವರು ಬೋಜೊಲೆ ಮತ್ತು ಸಹೋದ್ಯೋಗಿ ಎಂಜಿನಿಯರ್ ಆರ್ನಿ ಥಾಂಪ್ಸನ್. ಹಿರಿಯ ಅಧಿಕಾರಿ ಜೆರಾಲ್ಡ್ ಮೇಸನ್, ಎಂಜಿನಿಯರನ ಟೋಪಿ ತೆಗೆದು ಆಡಳಿತಗಾರನ ಟೋಪಿ ಹಾಕಿಕೊಳ್ಳುವಂತೆ ಲುಂಡ್ ಅವರಿಗೆ ಹೇಳಿದರು; ನಾಲ್ವರು ಆಡಳಿತಗಾರರು ಸೇರಿ ಸಲಹೆಯನ್ನು ತಿರುವುಮುರುವು ಮಾಡಿದರು. ಕೆನಡಿ ಕೇಂದ್ರದಲ್ಲಿದ್ದ ಥಯೋಕಾಲ್‌ನ ಪ್ರತಿನಿಧಿ ಅಲನ್ ಮೆಕ್‌ಡೊನಾಲ್ಡ್ ಒಪ್ಪಿಗೆಪತ್ರಕ್ಕೆ ಸಹಿ ಮಾಡಲು ನಿರಾಕರಿಸಿದ್ದರಿಂದ, ಸಹಿ ಯೂಟಾದಿಂದಲೇ ಬಂತು.

ಆ ರಾತ್ರಿಯ ಚರ್ಚೆಯ ಆಳದಲ್ಲಿ ಜ್ಞಾನಮೀಮಾಂಸೆಯ, ಎಂದರೆ ತಿಳಿವಳಿಕೆಯ ಸ್ವರೂಪ ಮತ್ತು ಅದರ ಪ್ರಮಾಣಗಳನ್ನು ವಿಚಾರಿಸುವ ಶಾಸ್ತ್ರದ, ಒಂದು ಪಲ್ಲಟ ನಡೆದಿತ್ತು. ಹಾರಿಸುವುದು ಸುರಕ್ಷಿತವೆಂದು ಸಾಧಿಸಿ ತೋರಿಸುವ ಹೊಣೆ ಹಾರಿಸುವವರ ಮೇಲಿರುವುದು ಅದುವರೆಗಿನ ಪದ್ಧತಿ. ಅಂದು ಮಾತ್ರ ಹಾರಿಸಿದರೆ ಸೀಲು ಖಂಡಿತ ಸೋಲುತ್ತದೆಂದು ಸಾಧಿಸುವ ಹೊಣೆ ಎಂಜಿನಿಯರುಗಳ ಮೇಲೆ ಬಿತ್ತೆಂದು ಬೋಜೊಲೆ ಆಮೇಲೆ ದುರಂತದ ತನಿಖೆಯಲ್ಲಿ ವಿವರಿಸಿದರು. ಸಂಶಯವು ವಿಚಾರಕ್ಕೆ ಪ್ರೇರಣೆಯೆಂದು ನ್ಯಾಯದರ್ಶನ ಹೇಳುತ್ತದೆ. ಸಂಶಯವಿರುವಲ್ಲಿ ಪರೀಕ್ಷೆ ಮುಂದುವರಿಯಬೇಕೇ ಹೊರತು, ಸಂಶಯ ಇನ್ನೂ ನಿಶ್ಚಯವಾಗಿಲ್ಲವೆಂಬ ಕಾರಣಕ್ಕೆ ಅದನ್ನು ಇಲ್ಲವೆಂದೇ ಎಣಿಸಲಾಗದು. ನಿಶ್ಚಿತ ಪ್ರಮಾಣವಿಲ್ಲದ ಆ ಎಚ್ಚರಿಕೆಯು ನಿಜಕ್ಕೂ ಜ್ಞಾನವೆನ್ನಿಸಿಕೊಳ್ಳುತ್ತದೆಯೆ ಎಂದು ಕೇಳಬಹುದು. ಅಲ್ಲವೆಂದು ಒಪ್ಪಿದರೂ ಧರ್ಮದ ದೃಷ್ಟಿಯಿಂದ ನಿರ್ಣಯ ಬದಲಾಗುವುದಿಲ್ಲ, ಏಕೆಂದರೆ ಎರಡು ಕಡೆಯ ತಪ್ಪುಗಳ ತೂಕ ಸಮನಾಗಿರಲಿಲ್ಲ: ಎಂಜಿನಿಯರುಗಳ ಸಂಶಯ ಸುಳ್ಳಾಗಿದ್ದರೆ ನಷ್ಟವಾಗುತ್ತಿದ್ದುದು ಕೆಲವು ದಿನಗಳು, ಅದು ನಿಜವಾದಾಗ ಹೋದದ್ದು ನೌಕೆಯಲ್ಲಿದ್ದ ಏಳು ಜೀವಗಳು.

ಜನವರಿ 28ರ ಬೆಳಗ್ಗೆ 11 ಗಂಟೆ 38 ನಿಮಿಷಕ್ಕೆ, ಸುಮಾರು 2 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ, ಚಾಲೆಂಜರ್ ಮೇಲೇರಿತು. ಯೂಟಾದ ಕಚೇರಿಯಲ್ಲಿ ಬೋಜೊಲೆ ಮತ್ತು ಎಬೆಲಿಂಗ್ ಒಂದೇ ಕೋಣೆಯಲ್ಲಿ ಕುಳಿತು ಅದನ್ನು ನೋಡುತ್ತಿದ್ದರು. ಸೀಲು ಸೋಲುವುದಾದರೆ ಹೊತ್ತಿಕೊಳ್ಳುವ ಕ್ಷಣದಲ್ಲಿಯೇ ಸೋಲಬೇಕೆಂಬುದು ಅವರ ಎಣಿಕೆಯಾಗಿದ್ದರಿಂದ, ನೌಕೆ ಗೋಪುರವನ್ನು ದಾಟಿದಾಗ ಗಂಡಾಂತರ ಕಳೆಯಿತೆಂದು ಇಬ್ಬರೂ ನಂಬಿದರು. ಬೋಜೊಲೆಯವರ ನಿರೂಪಣೆಯಂತೆ, ಸುಮಾರು ಒಂದು ನಿಮಿಷ ಕಳೆದಾಗ ಎಬೆಲಿಂಗ್, ಯಾನ ಸುಗಮವಾದದ್ದಕ್ಕೆ ದೇವರಿಗೆ ಕೃತಜ್ಞತೆಯ ಪ್ರಾರ್ಥನೆ ಸಲ್ಲಿಸಿದ್ದಾಗಿ ಅವರಿಗೆ ತಿಳಿಸಿದರು. ಮುಂದೆ ಚಿತ್ರಗಳ ಪರಿಶೀಲನೆಯಿಂದ ತಿಳಿದಂತೆ, ಕೂಡುಗೀಲಿನಿಂದ ಕಪ್ಪು ಹೊಗೆ ಮೊದಲ ಸೆಕೆಂಡಿನೊಳಗೇ ಹೊರಬಂದಿತ್ತು, ಬಳಿಕ ನಿಂತಂತೆ ಕಂಡಿತ್ತು, ಮತ್ತು 59ನೆಯ ಸೆಕೆಂಡಿನ ಹೊತ್ತಿಗೆ ಅದೇ ಭಾಗದಲ್ಲಿ ಜ್ವಾಲೆ ಕಾಣಿಸಿಕೊಂಡಿತ್ತು. 73ನೆಯ ಸೆಕೆಂಡಿನಲ್ಲಿ ನೌಕೆ ಛಿದ್ರವಾಯಿತು. ಕೃತಜ್ಞತೆ ಸಲ್ಲಿದ್ದು ಮತ್ತು ಜ್ವಾಲೆ ಹೊರಬಿದ್ದದ್ದು ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ. ಆಸ್ತಿಕನಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇರಲಾರದು. ಏಕೆಂದರೆ ಇಲ್ಲಿ ಅವನ ಮೊರೆ ಕೇಳದೆ ಹೋದದ್ದಷ್ಟೇ ಅಲ್ಲದೆ, ಮೊರೆ ಸಂದಿತೆಂದು ಅವನು ನಂಬಿ ನಿಟ್ಟುಸಿರುಬಿಟ್ಟ ಮೇಲೆ ಕೇಡು ಎರಗಿತು.

ಮುಂದಿನ ಮೂವತ್ತು ವರ್ಷ ಎಬೆಲಿಂಗ್ ಈ ಭಾರವನ್ನು ಇಳಿಸಲಿಲ್ಲ. 2016ರಲ್ಲಿ, ತಮ್ಮ ಬದುಕಿನ ಕೊನೆಯ ತಿಂಗಳುಗಳಲ್ಲಿ, ಅಮೆರಿಕದ ಸಾರ್ವಜನಿಕ ರೇಡಿಯೊದಲ್ಲಿ ಮಾತನಾಡುತ್ತ ಅವರು, ಆ ಕೆಲಸಕ್ಕೆ ತನ್ನಂಥವನನ್ನು ಆರಿಸಿದ್ದು ದೇವರು ಮಾಡಿದ ತಪ್ಪುಗಳಲ್ಲೊಂದೆಂಬ ಅರ್ಥದ ಮಾತನ್ನಾಡಿದರು. ಇದರ ಹಿಂದಿರುವುದು ಅವರ ಪರಂಪರೆಗೆ ಸೇರಿದ ಕರೆಯ ಕಲ್ಪನೆ: ಮನುಷ್ಯನ ವೃತ್ತಿ ಆಕಸ್ಮಿಕವಲ್ಲ, ದೇವರು ಒಬ್ಬೊಬ್ಬನನ್ನೂ ಒಂದೊಂದು ಕೆಲಸಕ್ಕೆ ಕರೆದು ನಿಲ್ಲಿಸುತ್ತಾನೆ ಎಂಬುದು ಅದರ ಸಾರ. ಹೀಗೆ ನಂಬಿದವನಿಗೆ ತನ್ನ ಸೋಲು ಕೇವಲ ತನ್ನದಾಗಿ ಉಳಿಯುವುದಿಲ್ಲ, ತನ್ನನ್ನು ಆರಿಸಿದವನ ವಿವೇಕವನ್ನೂ ಅದು ಪ್ರಶ್ನೆಗೊಡ್ಡುತ್ತದೆ. ಬೈಬಲಿನಲ್ಲಿ ಇಂಥ ತಕರಾರು ಹೊಸದಲ್ಲ. ತನಗೆ ಮಾತು ಬಾರದು, ಬೇರೆ ಯಾರನ್ನಾದರೂ ಕಳುಹಿಸೆಂದು ಮೋಶೆ ಬೇಡಿಕೊಳ್ಳುತ್ತಾನೆ; ಹೇಳಿದ ಎಚ್ಚರಿಕೆಗೆ ಜನರ ಅಪಹಾಸ್ಯವೇ ಫಲವಾಯಿತೆಂದು ಯೆರೆಮೀಯ ಪ್ರವಾದಿ ದೇವರೊಂದಿಗೆ ಜಗಳವಾಡುತ್ತಾನೆ.

ಅದೇ ಬೈಬಲಿನಲ್ಲಿ ಎಬೆಲಿಂಗ್ ಅವರ ಸ್ಥಿತಿಗೆ ನೇರವಾಗಿ ಹೊಂದುವ ವಿಧಿಯೂ ಇದೆ. ಯೆಹೆಜ್ಕೇಲ ಪ್ರವಾದಿಯ ಗ್ರಂಥದ 33ನೆಯ ಅಧ್ಯಾಯದ ಪ್ರಕಾರ, ಶತ್ರು ಬರುವುದನ್ನು ಕಂಡೂ ಕೊಂಬು ಊದದ ಕಾವಲುಗಾರನೇ ಸತ್ತವರ ರಕ್ತಕ್ಕೆ ಹೊಣೆ. ಅವನು ಊದಿದ್ದೂ ಕೇಳಿದವರು ಎಚ್ಚರಗೊಳ್ಳದಿದ್ದರೆ ಹೊಣೆ ಅವರದೇ, ಕಾವಲುಗಾರ ತನ್ನ ಪ್ರಾಣವನ್ನು ಉಳಿಸಿಕೊಂಡವನಾಗುತ್ತಾನೆ. ಮಹಾಭಾರತದ ಸಭಾಪರ್ವದಲ್ಲಿ, ದ್ರೌಪದಿಯ ಪ್ರಶ್ನೆಗೆ ಕುರುಸಭೆ ಉತ್ತರ ಕೊಡದೆ ಕುಳಿತಾಗ, ವಿದುರನು ಪ್ರಹ್ಲಾದನ ಪ್ರಸಂಗವನ್ನು ಹೇಳುತ್ತ ಕಶ್ಯಪನ ನಿರ್ಣಯವೊಂದನ್ನು ಮುಂದಿಡುತ್ತಾನೆ. ನಿಂದಿಸಬೇಕಾದುದನ್ನು ನಿಂದಿಸದೆ ಬಿಟ್ಟ ಸಭೆಯಲ್ಲಿ ಪಾಪದ ಅರ್ಧ ಸಭೆಯ ಮುಖ್ಯಸ್ಥನಿಗೆ, ಕಾಲುಭಾಗ ಮಾಡಿದವನಿಗೆ, ಉಳಿದ ಕಾಲುಭಾಗ ಸುಮ್ಮನೆ ಕುಳಿತ ಸಭಾಸದರಿಗೆ ಸಲ್ಲುತ್ತದೆ. ನಿಂದ್ಯವಾದುದು ನಿಂದಿತವಾದ ಸಭೆಯಲ್ಲಾದರೋ ಮುಖ್ಯಸ್ಥನೂ ಸಭಾಸದರೂ ಪಾರಾಗಿ, ಪಾಪ ಮಾಡಿದವನನ್ನೇ ಸೇರುತ್ತದೆ. ಮಾಡಿದವನಿಗಿಂತ ಇಮ್ಮಡಿ ಪಾಲನ್ನು ಮುಖ್ಯಸ್ಥನಿಗೆ ಹೊರಿಸುವ ಈ ಹಂಚಿಕೆ ಸಂಸ್ಥೆಗಳ ನೀತಿಯನ್ನು ವಿಚಾರಿಸುವ ಯಾರಿಗೂ ಬೆಲೆಯುಳ್ಳದ್ದು. ಚಾಲೆಂಜರ್ ಪ್ರಕರಣವನ್ನು ತನಿಖೆ ಮಾಡಿದ ರಾಜರ್ಸ್ ಆಯೋಗ 1986ರ ಜೂನ್‌ನಲ್ಲಿ ಸಲ್ಲಿಸಿದ ವರದಿಯೂ ಇದೇ ದಿಕ್ಕಿನಲ್ಲಿ ನಡೆಯಿತು: ಥಯೋಕಾಲ್ ಆಡಳಿತ ತನ್ನ ದೊಡ್ಡ ಗ್ರಾಹಕನ ಮನಸ್ಸನ್ನು ಉಳಿಸಿಕೊಳ್ಳಲು ತನ್ನ ಎಂಜಿನಿಯರುಗಳ ಅಭಿಪ್ರಾಯಕ್ಕೆ ವಿರುದ್ಧವಾಗಿ ನಿಲುವು ಬದಲಿಸಿತು, ಮತ್ತು ಉಡಾವಣೆಯ ಅಂತಿಮ ನಿರ್ಣಯ ಕೈಗೊಂಡವರಿಗೆ ಆ ರಾತ್ರಿಯ ವಿರೋಧದ ಸುದ್ದಿಯೇ ಮುಟ್ಟಿರಲಿಲ್ಲ ಎಂದು ಅದು ಗುರುತಿಸಿತು.

ಹೀಗೆ ಎರಡು ಪರಂಪರೆಗಳೂ ಒಂದು ಆಯೋಗವೂ ಎಚ್ಚರಿಸಿದವರನ್ನು ನಿರ್ದೋಷಿಗಳೆಂದು ಬಿಡುಗಡೆ ಮಾಡುತ್ತವೆ. ಹಾಗಿದ್ದೂ ಎಬೆಲಿಂಗ್ ಅವರಿಗೆ ಆ ಬಿಡುಗಡೆ ಸಾಲಲಿಲ್ಲ. ಇದಕ್ಕೆ ಕಾರಣವನ್ನು ಅವರ ಮನೋದೌರ್ಬಲ್ಯದಲ್ಲಿ ಹುಡುಕುವ ಮೊದಲು ಎಂಜಿನಿಯರಿಂಗ್ ಎಂಬ ವೃತ್ತಿಯ ಧರ್ಮದಲ್ಲಿ ಹುಡುಕುವುದು ಉಚಿತ. ಕಾವಲುಗಾರನ ವಿಧಿ ಕಾವಲುಗಾರನ ಆತ್ಮದ ಗತಿಯನ್ನು ಕುರಿತದ್ದು. ಎಂಜಿನಿಯರನ ಗಮನವಾದರೋ ತನ್ನ ಆತ್ಮದ ಮೇಲಿರುವುದಿಲ್ಲ, ನೌಕೆಯಲ್ಲಿ ಕುಳಿತವರ ಮೇಲಿರುತ್ತದೆ. ಸೇತುವೆ ನಿಲ್ಲಬೇಕು, ಸೀಲು ಹಿಡಿಯಬೇಕು. ಕಟ್ಟಿದವನ ಸದುದ್ದೇಶ ಕುಸಿದ ಸೇತುವೆಗೆ ಸಮಾಧಾನವಾಗದು. ಫಲದ ಮೇಲೆ ಅಧಿಕಾರವಿಲ್ಲವೆಂಬ ಭಗವದ್ಗೀತೆಯ ಉಪದೇಶ ಇಲ್ಲಿ ತೊಡಕಾಗುವಂತೆ ತೋರುತ್ತದೆ, ಏಕೆಂದರೆ ಫಲವನ್ನು ಚಿಂತಿಸದ ಎಂಜಿನಿಯರನು ತನ್ನ ಸ್ವಧರ್ಮವನ್ನೇ ಬಿಟ್ಟವನು. ಆದರೆ ಗೀತೆಯ 18ನೆಯ ಅಧ್ಯಾಯ ಈ ತೊಡಕನ್ನು ತಾನೇ ಬಿಡಿಸುತ್ತದೆ. ಫಲದ ಆಸೆಯಿಲ್ಲದೆ ಮಾಡಿದ ಕರ್ಮವನ್ನು ಸಾತ್ತ್ವಿಕವೆಂದು ಕರೆಯುವ ಅದೇ ಅಧ್ಯಾಯ, ಮುಂದೊದಗುವ ಪರಿಣಾಮವನ್ನೂ ನಷ್ಟವನ್ನೂ ಹಿಂಸೆಯನ್ನೂ ತನ್ನ ಸಾಮರ್ಥ್ಯವನ್ನೂ ಲೆಕ್ಕಿಸದೆ ಮೋಹದಿಂದ ತೊಡಗಿದ ಕರ್ಮವನ್ನು ತಾಮಸವೆನ್ನುತ್ತದೆ. ತನಗಾಗಿ ಫಲವನ್ನು ಬಯಸುವುದು ಒಂದು, ಇತರರ ಮೇಲಾಗುವ ಪರಿಣಾಮವನ್ನು ಚಿಂತಿಸುವುದು ಇನ್ನೊಂದು. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಹಿಡಿದವರು ಆ ರಾತ್ರಿಯ ಎಂಜಿನಿಯರುಗಳು, ಎರಡನೆಯದನ್ನು ಬಿಟ್ಟು ಮೊದಲನೆಯದಕ್ಕೆ ಜೋತುಬಿದ್ದದ್ದು ಆಡಳಿತ.

ಪರಿಣಾಮದ ಚಿಂತೆಯೇ ಧರ್ಮವಾದವನಿಗೆ ಪರಿಣಾಮ ಕೆಟ್ಟಾಗ ನೋವು ಉಳಿಯುವುದು ಸಹಜವೂ ಯುಕ್ತವೂ ಆಗಿದೆ. ಇಂಗ್ಲೆಂಡಿನ ತತ್ತ್ವಜ್ಞ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಇದನ್ನು ಕರ್ತೃವಿನ ವಿಷಾದವೆಂಬ ವಿಶಿಷ್ಟ ಭಾವವಾಗಿ ವಿವರಿಸಿದರು. ಚಾಲಕನ ತಪ್ಪೇನೂ ಇಲ್ಲದೆ ಮಗುವೊಂದು ಅವನ ಲಾರಿಗೆ ಸಿಕ್ಕಾಗ, ಅವನಿಗೆ ಆಗುವ ಸಂಕಟ ದಾರಿಹೋಕನ ಮರುಕದಂತಿರುವುದಿಲ್ಲ. ಅವನಿಗೆ ಸಮಾಧಾನ ಹೇಳುವುದು ಸರಿ, ಆದರೆ ಅವನು ತಕ್ಷಣವೇ ನಿರಾಳನಾದರೆ ನೋಡಿದವರಿಗೆ ಅವನ ಮೇಲೇ ಸಂಶಯ ಬರುತ್ತದೆ. ಈ ವಿಷಾದವು ದೋಷದ ಸಾಕ್ಷಿಯಲ್ಲ, ತನ್ನ ಕೆಲಸದೊಂದಿಗೆ ಮನುಷ್ಯನಿಗಿರುವ ನಂಟಿನ ಸಾಕ್ಷಿ. ಎಚ್ಚರಿಸಿದವನ ಪಾಪಪ್ರಜ್ಞೆಯಲ್ಲಿರುವ ಸತ್ಯ ಇಷ್ಟು.

ಅದರಲ್ಲಿರುವ ಅಸತ್ಯವನ್ನೂ ಗುರುತಿಸಬೇಕಾಗುತ್ತದೆ. ಯಾವುದೇ ಕರ್ಮ ಸಿದ್ಧಿಸಲು ಐದು ಕಾರಣಗಳು ಕೂಡಬೇಕೆಂದು ಗೀತೆಯ ಅದೇ ಅಧ್ಯಾಯ ಹೇಳುತ್ತದೆ: ಕರ್ಮಕ್ಕೆ ನೆಲೆಯಾದ ಅಧಿಷ್ಠಾನ, ಮಾಡುವ ಕರ್ತೃ, ಸಾಧನಗಳಾದ ಕರಣ, ಬಗೆಬಗೆಯ ಚೇಷ್ಟೆ, ಮತ್ತು ಯಾರ ಕೈಗೂ ಸಿಗದ ದೈವ. ಹೀಗಿರುವಾಗ ತಾನೊಬ್ಬನೇ ಕರ್ತೃವೆಂದು ಕಾಣುವವನು ಸರಿಯಾಗಿ ಕಂಡವನಲ್ಲ. ಚಾಲೆಂಜರ್‌ನ ನಾಶಕ್ಕೆ ಕೂಡುಗೀಲಿನ ವಿನ್ಯಾಸ, ರಬ್ಬರಿನ ಗುಣ, ವೇಳಾಪಟ್ಟಿಯ ಒತ್ತಡ, ಅನೇಕರ ನಿರ್ಧಾರ, ಆ ರಾತ್ರಿಯ ಚಳಿ, ಮೇಲಣ ಗಾಳಿಯ ಹೊಡೆತ ಎಲ್ಲವೂ ಕಾರಣಗಳಾಗಿರುವಾಗ, ತಾನು ಇನ್ನಷ್ಟು ಸಮರ್ಥವಾಗಿ ವಾದಿಸಿದ್ದರೆ ಎಲ್ಲವೂ ತಪ್ಪುತ್ತಿತ್ತೆಂದು ಒಬ್ಬನು ತನ್ನನ್ನೇ ದೂಷಿಸಿಕೊಳ್ಳುವುದು ನಮ್ರತೆಯಂತೆ ಕಂಡರೂ, ಅರಿವಿಲ್ಲದೆಯೇ ಪೂರ್ಣ ಕರ್ತೃತ್ವವನ್ನು ತನಗೆ ಆರೋಪಿಸಿಕೊಂಡಂತೆಯೇ ಸರಿ. ಆದರೆ ಇದೇ ವಾದ ಅಪಾತ್ರರ ಕೈಗೂ ಸಿಗಬಲ್ಲದು; ಕಾರಣಗಳು ಹಲವೆಂದ ಮೇಲೆ ಯಾರೂ ಹೊಣೆಯಲ್ಲವೆಂದು ಸಂಸ್ಥೆಯೊಂದು ನುಣುಚಿಕೊಳ್ಳಬಹುದು. ಆದ್ದರಿಂದ ಐದು ಕಾರಣಗಳ ತತ್ತ್ವವನ್ನು ಕಶ್ಯಪನ ಹಂಚಿಕೆಯೊಂದಿಗೆ ಸೇರಿಸಿಯೇ ಓದಬೇಕು. ಮೊದಲನೆಯದು ಒಬ್ಬನ ತಲೆಯ ಮೇಲೆ ಎಲ್ಲವನ್ನೂ ಹೇರುವುದನ್ನು ತಡೆದರೆ, ಎರಡನೆಯದು ಎಲ್ಲರ ನಡುವೆ ಕರಗಿಸಿ ಇಲ್ಲವಾಗಿಸುವುದನ್ನು ತಡೆಯುತ್ತದೆ.

ದುರಂತದ ನಂತರದ ಬದುಕುಗಳು ಈ ವಿಷಾದ ಯಾವ ರೂಪಗಳನ್ನು ತಾಳಬಹುದೆಂದು ತೋರಿಸುತ್ತವೆ. ಆಯೋಗದ ಮುಂದೆ ಸಾಕ್ಷ್ಯ ನುಡಿದು ದಾಖಲೆಗಳನ್ನು ಒಪ್ಪಿಸಿದ ಬೋಜೊಲೆ ತಮ್ಮ ಕೆಲಸದ ಸ್ಥಳದಲ್ಲಿ ಒಂಟಿಯಾದರು, ಆಘಾತದಿಂದಾದ ಮಾನಸಿಕ ಅಸ್ವಾಸ್ಥ್ಯಕ್ಕೆ ತುತ್ತಾಗಿ ಕಂಪನಿಯನ್ನು ಬಿಟ್ಟರು. 1988ರಲ್ಲಿ ಅಮೆರಿಕದ ವಿಜ್ಞಾನ ಪ್ರಗತಿ ಸಂಘ ಅವರಿಗೆ ವೈಜ್ಞಾನಿಕ ಸ್ವಾತಂತ್ರ್ಯ ಮತ್ತು ಹೊಣೆಗಾರಿಕೆಯ ಪ್ರಶಸ್ತಿಯನ್ನು ನೀಡಿತು; 2012ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ ಅವರು ಕಾಲೇಜುಗಳಿಗೆ ಹೋಗಿ ವೃತ್ತಿನೀತಿಯ ಕುರಿತು ವಿದ್ಯಾರ್ಥಿಗಳೊಂದಿಗೆ ಮಾತನಾಡಿದರು. ಮೆಕ್‌ಡೊನಾಲ್ಡ್ ಅವರನ್ನು ಕಂಪನಿ ಹಿಂದೆ ಸರಿಸಿತಾದರೂ, ಅಮೆರಿಕದ ಸಂಸತ್ತಿನ ಸದಸ್ಯರ ಒತ್ತಡದಿಂದ ಅವರು ಮರಳಿ ಬಂದು, ಅದೇ ಕೂಡುಗೀಲನ್ನು ಹೊಸದಾಗಿ ವಿನ್ಯಾಸಗೊಳಿಸುವ ಕೆಲಸದ ಮುಂದಾಳಾದರು; 1988ರ ಸೆಪ್ಟೆಂಬರ್‌ನಲ್ಲಿ ಶಟಲ್ ಮತ್ತೆ ಹಾರಿದ್ದು ಆ ತಿದ್ದುಪಡಿಯೊಂದಿಗೆ. ಎಬೆಲಿಂಗ್ ವೃತ್ತಿಯನ್ನೇ ತೊರೆದು, ಮನೆಯ ಸಮೀಪದಲ್ಲಿ ನೆರೆಯಿಂದ ಹಾಳಾಗಿದ್ದ ಬೇರ್ ರಿವರ್ ಪಕ್ಷಿಧಾಮವನ್ನು ಮತ್ತೆ ಕಟ್ಟುವ ಕೆಲಸದಲ್ಲಿ ಸ್ವಯಂಸೇವಕರಾಗಿ ದುಡಿದರು. ಒಬ್ಬರು ಮಾತಿನಿಂದ, ಒಬ್ಬರು ಕೆಟ್ಟ ಯಂತ್ರವನ್ನು ಸರಿಪಡಿಸಿ, ಒಬ್ಬರು ಅದಕ್ಕೆ ಸಂಬಂಧವಿಲ್ಲದ ಜೀವಗಳಿಗೆ ನೆಲೆ ಕಟ್ಟಿ ಸಲ್ಲಿಸಿದ್ದು ಒಂದು ಬಗೆಯ ಪ್ರಾಯಶ್ಚಿತ್ತವೇ. ಪಾಪವಿಲ್ಲದಲ್ಲಿ ಪ್ರಾಯಶ್ಚಿತ್ತವೇಕೆಂದು ಶಾಸ್ತ್ರ ಕೇಳಬಹುದು. ವಿಷಾದಕ್ಕೆ ಆತ್ಮನಿಂದೆಯ ಹೊರತಾದ ದಾರಿಯೊಂದು ಬೇಕು, ಕಳೆದುಕೊಂಡದ್ದನ್ನು ತುಂಬಲಾಗದಿದ್ದರೂ ಮುಂದಿನದನ್ನು ಕಾಪಾಡುವ ದಾರಿ ಅದಾಗಿರುತ್ತದೆ ಎಂಬುದು ಅದಕ್ಕೆ ಉತ್ತರ.

ಎಬೆಲಿಂಗ್ ಅವರಿಗೆ ಕೊನೆಗೂ ಸ್ವಲ್ಪ ಸಮಾಧಾನ ದೊರೆತ ಬಗೆ ಈ ವಿಚಾರದಲ್ಲಿ ನಿರ್ಣಾಯಕವಾದದ್ದು. ಅವರ ಮಾತನ್ನು ರೇಡಿಯೊದಲ್ಲಿ ಕೇಳಿದ ನೂರಾರು ಮಂದಿ ಪತ್ರ ಬರೆದು ಸಂತೈಸಿದರು. ಆದರೂ ಅಂದು ಎಂಜಿನಿಯರುಗಳ ಸಲಹೆಯನ್ನು ಬದಿಗೊತ್ತಿದವರ ಸಾಲಿನಲ್ಲಿದ್ದ ರಾಬರ್ಟ್ ಲುಂಡ್ ಮತ್ತು ನಾಸಾದ ಜಾರ್ಜ್ ಹಾರ್ಡಿ, ಆ ಭಾರ ಎಬೆಲಿಂಗ್ ಹೊರಬೇಕಾದದ್ದಲ್ಲವೆಂದು ತಾವೇ ತಿಳಿಸಿದ ಮೇಲೆ ಅವರ ಮನಸ್ಸು ಹಗುರವಾಗತೊಡಗಿತು. ಅದೇ ವರ್ಷದ ಮಾರ್ಚ್‌ನಲ್ಲಿ, 89ರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ನಿರ್ದೋಷಿಯೆಂಬ ತೀರ್ಪು ಮೂರನೆಯವರಿಂದ ಎಷ್ಟು ಸಲ ಬಂದರೂ ಸಾಲದೆ, ಅಂದು ಕೇಳಿಯೂ ಕೇಳದೆ ಹೋದವರ ಬಾಯಿಂದಲೇ ಬರಬೇಕಾಗಿತ್ತು. ಏಕೆಂದರೆ ಹೊಣೆಯನ್ನು ಅದರ ನಿಜವಾದ ಜಾಗದಲ್ಲಿ ಇಡಬಲ್ಲವರು ಅದನ್ನು ಹೊರಬೇಕಾದವರೇ. ತನ್ನನ್ನೇಕೆ ಆರಿಸಿದೆ ಎಂಬ ಅವರ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಕಂಡದ್ದನ್ನು ಹೇಳಬಲ್ಲವನೊಬ್ಬನನ್ನು ಅಲ್ಲಿ ನಿಲ್ಲಿಸಿದ ಆಯ್ಕೆಯಲ್ಲಿ ದೋಷವಿರಲಿಲ್ಲ, ಹೇಳಿದ್ದನ್ನು ಕೇಳಬೇಕಾದವರ ಧರ್ಮದಲ್ಲಿತ್ತು. ಸಂಸ್ಥೆಯೊಂದು ತನ್ನ ಪಾಲಿನ ಹೊಣೆಯನ್ನು ಹೆಸರಿಟ್ಟು ಒಪ್ಪಿಕೊಳ್ಳಲು ಮೂವತ್ತು ವರ್ಷ ತೆಗೆದುಕೊಂಡರೆ, ಅಷ್ಟೂ ಕಾಲ ಅದನ್ನು ಹೊರುವವನು ತಪ್ಪು ಮಾಡದವನೇ ಆಗುತ್ತಾನೆ. ಆದ್ದರಿಂದ ದುರಂತದ ನಂತರ ತಪ್ಪಿತಸ್ಥರನ್ನು ಗುರುತಿಸುವುದು ಎಷ್ಟು ಮುಖ್ಯವೋ, ಎಚ್ಚರಿಸಿದವರು ಸರಿಯಿದ್ದರೆಂದು ಅವರೆದುರಿಗೆ, ಅವರು ಬದುಕಿರುವಾಗಲೇ, ಹೇಳುವುದೂ ಅಷ್ಟೇ ಮುಖ್ಯವಾದ ಕರ್ತವ್ಯವಾಗಿದೆ.